ಏಳು ಮನೆಯ ಪಾಲು

"ಇನ್ನೊಂದು ಹಂಡೆ ನೀರು ಕಾಯ್ಲಿ, ತಾಯವ್ವ," ಎನ್ನುತ್ತ ನೆರೆಮನೆಯ ಅಂದಾನಿ ಹೆಣದ ಮೇಲಿನ ಕಂಬಳಿ ಸರಿಸಿದ. ಚಾಮುಂಡಿ ಬೆಟ್ಟದ ಬುಡದಲ್ಲಿ, ವಿದ್ಯಾರಣ್ಯಪುರಂ ಕಡೆಯ ಸೈಟುಕಲ್ಲುಗಳು ಮುಗಿಯುವಲ್ಲಿ ಉಳಿದಿದ್ದ ಹೊಲ. ಅದರೊಳಗಿನ ಮನೆಯ ಅಂಗಳದಲ್ಲಿ ಸಿದ್ದಪ್ಪಾಜಿಯನ್ನು ಮಲಗಿಸಿದ್ದರು. ಬಲಗೈ ಮೊಣಕೈತನಕ ಊದಿತ್ತು. ಹೆಬ್ಬೆರಳ ಬುಡದಲ್ಲಿ ಇದ್ದಿಲಿನಂಥ ಕಪ್ಪು ಹುಣ್ಣು.

"ಮುಳ್ಳು ಚುಚ್ಚಿ ನಂಜಾಯ್ತು," ಎಂದ ಮಗ ಸಿದ್ದರಾಜು. "ಆಸ್ಪತ್ರೆಗೆ ಬಾ ಅಂದ್ರೆ, ಕುರಿ ನಿಮ್ಮಜ್ಜ ನೋಡ್ಕತಾನಾ ಅಂತ ನನ್ನೇ ಬೈದ."

"ಹನ್ನೆರಡು ಕುರಿಗೂ ಹೆಸರಿಟ್ಟಿದ್ದ ಕಣೋ ನಿಮ್ಮಪ್ಪ. ನನ್ನ ಹೆಸರು ಮರೆತ್ರೂ ಅವುಗಳ್ದು ಮರೀತಿರ್ಲಿಲ್ಲ." ಅಂದಾನಿ ಕಣ್ಣೊರೆಸಿಕೊಂಡ. "ಹೋದ್ವಾರ ತಾನೇ ಕಾಲು ಮುರಿದ ಕುರಿ ಕುಯ್ದು ಸುತ್ತಲ ಏಳು ಮನೆಗೂ ಪಾಲು ಕಳಿಸಿದ್ದ. ನಮ್ಮನೇಲಿ ಮೂಳೆನೂ ಬುಡ್ಲಿಲ್ಲ."

ಒಲೆಗೆ ಸೌದೆ ಒಡ್ಡುತ್ತಿದ್ದ ಹೆಂಡತಿ ಪುಟ್ಟತಾಯಮ್ಮನ ಕೈ ನಿಂತಿತು. ಬೆಳಿಗ್ಗೆ ರೊಪ್ಪಕ್ಕೆ ಹೋದಾಗ ಇನ್ನೊಂದು ಕುರಿ ಕಾಲು ಚಾಚಿ ಸತ್ತುಬಿದ್ದಿತ್ತು. ಮೂಗಿನಲ್ಲಿ ಅದೇ ಕಪ್ಪು ರಕ್ತ. ಗೋಣಿತಾಟು ಹೊದಿಸಿ ಬಂದವಳು ಯಾರಿಗೂ ಹೇಳಿರಲಿಲ್ಲ.

*

ಹೋದ ವಾರ ಮೊದಲು ಸತ್ತದ್ದು ಚುಕ್ಕಿ ಎಂಬ ಕುರಿ. ಮೇದು ಬಂದದ್ದು ರೊಪ್ಪದಲ್ಲೇ ಕುಸಿಯಿತು. ಸಿದ್ದಪ್ಪಾಜಿ ಚೂರಿ ಮಸೆಯತೊಡಗಿದ.

"ಅದರ ಮೂಗು ನೋಡಿ, ಕಪ್ಪು ರಕ್ತ. ಹೂತಾಕ್ಬುಡಿ," ಎಂದಿದ್ದಳು ಪುಟ್ಟತಾಯಮ್ಮ.

"ಹಬ್ಬಹಬ್ಬಕ್ಕೂ ಏಳು ಮನೆಯೋರೂ ಕೊಡ್ತಾರೆ. ನಾವು ಕೊಟ್ಟು ವರ್ಷ ಆಯ್ತು. ಎಂಗೆ ಮುಖ ತೋರಿಸ್ಲಿ? ಕಾಲು ಮುರಿದಿತ್ತು, ಕುಯ್ದೆ ಅಂತೀನಿ. ನೀನು ಬಾಯಿ ಬುಡಬೇಡ."

ಒಳ್ಳೊಳ್ಳೆ ಪಾಲೆಲ್ಲ ಹಂಚಿ, ಮನೆಗೆ ತಲೆಕಾಲಷ್ಟೇ ತಂದ. ಪುಟ್ಟತಾಯಮ್ಮ ಅದನ್ನು ಬೇಯಿಸಲಿಲ್ಲ. ತಿಪ್ಪೆಯ ಹಿಂದೆ ಹೂತಳು. ಏಳು ಮನೆಯವರಿಗೆ ಮಾತ್ರ ಹೇಳಲಿಲ್ಲ.

*

ನೀರು ಕಾದಿತ್ತು. ಅಂದಾನಿ ಊದಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡ.

"ಮುಟ್ಬೇಡ, ಅಂದಾನಣ್ಣ!"

"ಯಾಕವ್ವ? ಹೆಗಲು ಕೊಡೋನು ನೀರು ಹಾಕ್ಬಾರ್ದಾ?"

"ಆ ಕುರಿ ಕಾಲು ಮುರಿದಿರ್ಲಿಲ್ಲ. ಸತ್ತ ಮೇಲೆ ಕುಯ್ದ್ರು. ಅದರ ನಂಜೇ ಈ ಕೈಗೆ ಹತ್ತಿರೋದು, ಮುಳ್ಳಿಂದಲ್ಲ. ಇವತ್ತು ಇನ್ನೊಂದು ಅಂಗೇ ಸತ್ತದೆ. ಎಲ್ರೂ ಆಸ್ಪತ್ರೆಗೆ ಹೋಗಿ, ಮಕ್ಳನ್ನೂ ಕರ್ಕೊಂಡು ಹೋಗಿ."

ಸಿದ್ದರಾಜು ಹತ್ತಿರ ಬಂದ. "ಇವತ್ತೇ ಹೇಳ್ಬೇಕಿತ್ತಾ, ಅವ್ವ?"

"ಹೋದ್ವಾರವೇ ಹೇಳ್ಬೇಕಿತ್ತು ಕಣಪ್ಪ."

ಅಂದಾನಿ ಹೆಣದ ಕೈಯನ್ನು ಮೆಲ್ಲಗೆ ಕೆಳಗಿಟ್ಟ. ಸಾವಿಗೆ ಬಂದಿದ್ದ ನೆರೆಯವರು ಒಬ್ಬೊಬ್ಬರಾಗಿ ಬಿಸಿಲಿಗೆ ಸರಿದು ತಮ್ಮ ತಮ್ಮ ಅಂಗೈ ಹೊರಳಿಸಿ ನೋಡತೊಡಗಿದರು. ಅಂದಾನಿಯ ಸೊಸೆ ಕಂಕುಳಲ್ಲಿದ್ದ ಮಗುವಿನ ಮುಷ್ಟಿ ಬಿಡಿಸುತ್ತಿದ್ದಳು. ಆಟವೆಂದುಕೊಂಡ ಅದು ನಗುತ್ತ, ಬಿಡಿಸಿದ ಬೆರಳುಗಳನ್ನು ಮತ್ತೆ ಮತ್ತೆ ಮಡಚುತ್ತಿತ್ತು.