ಹುಲ್ಲಿನೊಳಗಿನವರು

"ಅಣ್ಣಾ, ಇಲ್ನೋಡಿ, ಮರಿ ಹಿಂದೆ ಯಾರೋ ಇದಾರೆ!"

ಗೆಸ್ಟ್‌ಹೌಸಿನ ಅಂಗಳದಲ್ಲಿ ಜೀಪು ತೊಳೆಯುತ್ತಿದ್ದ ಡ್ರೈವರ್ ಕೈಯೊರೆಸಿಕೊಂಡು ಬಂದ. ಕರೆದವಳು ಮದುವೆಗಳ ಫೋಟೋ ತೆಗೆದು ತೆಗೆದು ಬೇಸತ್ತು, ತಂಗಿಯ ಕಾಟಕ್ಕೆ ಮಣಿದು ದೂರದ ಈ ಕಾಡಿಗೆ ಬಂದಿದ್ದಳು. ಬೆಳಿಗ್ಗೆ ತಾಯಿ ಘೇಂಡಾಮೃಗವೊಂದು ಮರಿಯ ಜೊತೆ ಹುಲ್ಲಿನಿಂದ ಎದ್ದು ಬಂದಾಗ ಉಸಿರು ಬಿಗಿಹಿಡಿದು ಕ್ಲಿಕ್ಕಿಸಿದ್ದಳು. ಒಣಗಿದ ಕೆಸರು ಮೆತ್ತಿದ ಮೈ, ಕಿವಿಯಂಚಿನ ಕೂದಲು, ಎಲ್ಲ ಅಚ್ಚುಕಟ್ಟಾಗಿ ಬಿದ್ದಿದ್ದವು. ಈಗ ಕ್ಯಾಮೆರಾದ ಪರದೆಯಲ್ಲಿ ದೊಡ್ಡದು ಮಾಡಿ ನೋಡಿದಾಗಲೇ ಹುಲ್ಲಿನಲ್ಲಿ ಬೋರಲು ಮಲಗಿದ್ದ ಇಬ್ಬರು ಕಂಡದ್ದು. ಒಬ್ಬನ ಕೈಯಲ್ಲಿ ಬಂದೂಕು.

ಡ್ರೈವರ್ ಬಹಳ ಹೊತ್ತು ನೋಡಿದ. ದಾರಿಯುದ್ದಕ್ಕೂ ನಗಿಸುತ್ತ ಬಂದಿದ್ದವನು ಈಗ ಕ್ಯಾಮೆರಾವನ್ನು ಅವಳತ್ತ ತಳ್ಳಿದ.

"ಅಳಿಸ್ಬಿಡಿ ಅಕ್ಕಾ."

"ಕಾವಲಿನವರೇನೋ ಅಂದ್ಕೊಂಡೆ..."

"ಅಲ್ಲ. ಈ ಕಡೆಯವ್ನು ನನ್ ಹೆಂಡ್ತಿ ತಮ್ಮ." ಅವನು ಕೋಣೆಯ ಕಿಟಕಿಯತ್ತ ನೋಡಿದ, ಒಳಗೆ ತಂಗಿ ತಲೆ ಬಾಚಿಕೊಳ್ಳುತ್ತಿದ್ದಳು. "ಬಂದೂಕಿನವ್ನು ಯಾರೋ ನಂಗೊತ್ತಿಲ್ಲ. ನಿಮ್ಮಿಬ್ರನ್ನೂ ಅವ್ನು ನೋಡಿರ್ತಾನೆ."

ಅದು ಬುದ್ಧಿಮಾತೋ ಬೆದರಿಕೆಯೋ ಅವಳಿಗೆ ತಿಳಿಯಲಿಲ್ಲ. ಅವನ ಕಣ್ಣೆದುರೇ ಅಳಿಸಿದಳು. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು ಮದುವೆ ಕೆಲಸದವರು ಕ್ಯಾಮೆರಾದಲ್ಲಿ ಎರಡು ಕಾರ್ಡು ಹಾಕಿರುತ್ತಾರೆ, ಪ್ರತಿ ಚಿತ್ರವೂ ಎರಡರಲ್ಲೂ ಉಳಿಯುತ್ತದೆ ಎಂಬುದನ್ನು ಮಾತ್ರ ಹೇಳಲಿಲ್ಲ.

ಕೋಣೆಗೆ ಬಂದು ಕೂತರೆ ಮರಿಯೇ ಕಣ್ಣಿಗೆ ಕಟ್ಟುತ್ತಿತ್ತು.

"ಚಪ್ಪಲಿ ಹಾಕ್ಕೋ," ಎಂದಳು ತಂಗಿಗೆ.

"ಎಲ್ಲಿಗೇ? ಊಟದ ಹೊತ್ತಲ್ಲಿ?"

"ಹಾಕ್ಕೋ ಅಂದೆ."

ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಹತ್ತಿರದಲ್ಲೇ ಇತ್ತು. ಅರ್ಧ ದಾರಿಯಲ್ಲಿ ಹಿಂದೆ ಜೀಪಿನ ಸದ್ದು ಕೇಳಿಸಿತು. ಅದು ದಾಟಿ ಮುಂದೆ ಹೋಗಲಿಲ್ಲ, ನಿಲ್ಲಲೂ ಇಲ್ಲ; ಅವರ ನಡಿಗೆಯ ವೇಗಕ್ಕೇ ಬರುತ್ತಿತ್ತು.

"ಅಕ್ಕಾ, ನಮ್ ಡ್ರೈವರ್ರೇ. ಹತ್ತೋಣ್ವಾ?"

"ತಿರುಗ್ಬೇಡ. ನಡಿ."

ಊಟಕ್ಕೆ ಕೂತಿದ್ದ ಅಧಿಕಾರಿ ಚಿತ್ರ ನೋಡಿದವನೇ ತಟ್ಟೆ ಬಿಟ್ಟು ಎದ್ದ. ವೈರ್‌ಲೆಸ್ಸಿನಲ್ಲಿ ಕೂಗಾಡಿದ. ಇದ್ದಬದ್ದ ಕಾವಲುಗಾರರೆಲ್ಲ ವ್ಯಾನಿನತ್ತ ಓಡಿದರು. ಕಾರ್ಡನ್ನು ಜೇಬಿಗಿಳಿಸಿಕೊಂಡು ಅವನೂ ಹತ್ತಿದ.

"ನೀವು ಗೆಸ್ಟ್‌ಹೌಸಿಗೆ ಹೋಗಿ. ಹೊರಗೆ ಬರ್ಬೇಡಿ."

ಧೂಳೆದ್ದು ಅಡಗಿತು. ಚೆಕ್‌ಪೋಸ್ಟಿನಲ್ಲಿ ಒಂದು ನರಪಿಳ್ಳೆಯೂ ಉಳಿಯಲಿಲ್ಲ.

ಗೇಟಿನಾಚೆ ಜೀಪು ನಿಂತಿತ್ತು. ಡ್ರೈವರ್ ಇಳಿದ. ಅವಳ ಮುಖ ನೋಡಲಿಲ್ಲ. ಹಿಂದಿನ ಬಾಗಿಲು ತೆರೆದು, ಅದನ್ನು ಹಿಡಿದುಕೊಂಡು ನಿಂತ.