ಸಾಹುಕಾರರ ಕಾರಿನ ಚಾಸಿ

ಸಣ್ಣವ್ವ ಸತ್ತ ಅಪ್ಪನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳು ತಿಕ್ಕುತ್ತಿದ್ದಳು. ಬೆಸುಗೆಯ ಕಪ್ಪು ಉಗುರಿನ ಸಂದಿಯಲ್ಲಿ ಕೂತುಬಿಟ್ಟಿತ್ತು. ಎರಡು ಸಲ ಸಬಕಾರ ಹಚ್ಚಿದರೂ ಬಿಡಲಿಲ್ಲ.

"ಸಾಕ ಬಿಡವಾ," ಎಂದಳು ನೀರು ಹಾಕುತ್ತಿದ್ದ ಬಾಜೂ ಮನೆಯ ಸಾವಿತ್ರೆವ್ವ. "ಮಣ್ಣಿಗೆ ಹೋಗೂ ಕೈ. ಯಾರ ನೋಡ್ತಾರ?"

"ನಾ ನೋಡ್ತೀನಿ."

ಬೆಳಗಿನ ಬಸ್ಸಿಗೆ ಗಂಡನ ಊರು ತಂಬೂರಿನಿಂದ ಬಂದಿದ್ದಳು. ಅಳುವುದೆಲ್ಲ ಬಸ್ಸಿನಲ್ಲೇ ಮುಗಿದಿತ್ತು. ಕುಂದಗೋಳದಲ್ಲಿ ಇಳಿದ ಮೇಲೆ ಉಳಿದದ್ದು ಬರೀ ಸಿಟ್ಟು. ಯಾರ ಮೇಲೆ ಎಂದು ಕೇಳಿದ್ದರೆ ಊರಿನ ಹೆಸರೆಲ್ಲ ಹೇಳುತ್ತಿದ್ದಳು, ಅಪ್ಪನ ಹೆಸರನ್ನೂ ಬಿಡುತ್ತಿರಲಿಲ್ಲ.

ನಲವತ್ತು ವರ್ಷ ಅವಳಪ್ಪ ಗುಡದಪ್ಪ ಬಸ್‌ಸ್ಟ್ಯಾಂಡಿನ ಬಾಜೂ ಕೂತು ಕೊಡೆ, ಸ್ಟೋ ರಿಪೇರಿ ಮಾಡಿದ. ಆದರೆ ಹೊರಗೆ ಚಟ್ಟ ಕಟ್ಟುತ್ತಿದ್ದ ಗಂಡಸರು ಆಡುತ್ತಿದ್ದ ಮಾತೇ ಬೇರೆ.

"ಪಾಪ, ಸಾಹುಕಾರ್ರ ಆಟಿಗಿ ಕಾರು ಒರಸ್ಕೋತ ಇದ್ದ."

ಒರೆಸುತ್ತಿದ್ದನಂತೆ. ಸಣ್ಣವ್ವನಿಗೆ ಮೈಯೆಲ್ಲ ಉರಿದುಹೋಯಿತು.

*

ಹತ್ತಿ ಗಿರಣಿಯ ಸಾಹುಕಾರ ಈರಬಸಪ್ಪನವರ ಅಳಿಯ ಹಡಗಿನಲ್ಲಿ ನೌಕರಿಗಿದ್ದ. ರಜೆಗೆ ಬಂದಾಗಲೆಲ್ಲ ಹಳೇ ಕಾಲದ ಮೋಟಾರುಗಳ ಗೇಣುದ್ದದ ಮಾದರಿಗಳನ್ನು ಪೆಟ್ಟಿಗೆಯಲ್ಲಿ ತರುತ್ತಿದ್ದ. ಒಳಗೆ ಬಿಡಿಬಿಡಿ ತುಂಡುಗಳಿರುತ್ತಿದ್ದವು, ಜೋಡಿಸಿಕೊಳ್ಳಬೇಕು. ಸಾಹುಕಾರರಿಗೆ ಹತ್ತಿ ಒತ್ತಿ ಅಂಡಿಗೆ ಕಟ್ಟಿಸಿ ಗೊತ್ತಿತ್ತು, ಅದೇ ಕೈಯಲ್ಲಿ ಇದನ್ನೂ ಒತ್ತುತ್ತಿದ್ದರು. ಗಾಲಿಗಳನ್ನೆಲ್ಲ ಹೊರುವ ಕೆಳಗಿನ ಚೌಕಟ್ಟು, ಅಂದರೆ ಚಾಸಿ, ಲಟಕ್ಕನೆ ಮುರಿಯುತ್ತಿತ್ತು.

"ಗುಡದಪ್ಪಾ, ಇದರ ಚಾಸಿ ಎಲ್ಲ್ಯರ ಸಿಗತೈತೇನ ನೋಡಲೇ."

ಗುಡದಪ್ಪ ನೋಡಿದ. ಹುಬ್ಬಳ್ಳಿಯ ಗುಜರಿ ಬಜಾರಿನಲ್ಲಿ ಮುರಿದ ಆಟಿಕೆಗಳ ರಾಶಿಯನ್ನು ವಾರವಾರ ಕೆದರಿದ. ಮುಂಬಯಿಯ ಅಂಗಡಿಯೊಂದಕ್ಕೆ ಮಾಸ್ತರರ ಕೈಲಿ ಪತ್ರ ಬರೆಸಿದ. ಚಾಸಿಯೊಂದನ್ನೇ ಮಾರುವುದಿಲ್ಲ, ಬೇಕಾದರೆ ಇಡೀ ಪೆಟ್ಟಿಗೆ ಕೊಳ್ಳಿರಿ ಎಂದು ಉತ್ತರ ಬಂತು. ಒಂದು ಕೆಂಪು ಕಾರಿನ ಚಾಸಿಗಾಗಿ ಎಂಟು ತಿಂಗಳು ತಿರುಗಿದ. ಕಡೆಗೆ ಅದು ಸಿಕ್ಕಿದ್ದು ಅವನದೇ ಕೊಡೆ ಸಾಮಾನಿನ ಗೋಣಿಚೀಲದಲ್ಲಿ.

ಕೊಡೆಯ ಕಡ್ಡಿಯನ್ನು ನಾವು ಕಡ್ಡಿ ಅನ್ನುತ್ತೇವೆ. ನಿಜಕ್ಕೂ ಅದು ಮೂರು ಮಗ್ಗುಲು ಬರುವಂತೆ ಮಡಚಿದ ಉಕ್ಕಿನ ತಗಡು. ಲಾರಿಯ ಚಾಸಿಯ ಉದ್ದನೆಯ ತೊಲೆಯೂ ಹಾಗೆಯೇ ಇರುತ್ತದೆ. ಖಾತ್ರಿ ಮಾಡಿಕೊಳ್ಳಲು ಗುಡದಪ್ಪ ನಿಂತ ಲಾರಿಗಳ ಕೆಳಗೆ ಫೂಟುಪಟ್ಟಿ ಹಿಡಿದು ತೆವಳಿ, ಡ್ರೈವರುಗಳ ಹತ್ತಿರ ಹೊಟ್ಟೆ ತುಂಬ ಬೈಸಿಕೊಂಡ. ಆಮೇಲೆ ಎರಡು ಕೊಡೆ ಕಡ್ಡಿ, ಅಡ್ಡಕ್ಕೆ ಸೈಕಲ್ ಕಡ್ಡಿಯ ತುಂಡು, ಕೂದಲೆಳೆಯಷ್ಟು ಬೆಸುಗೆ. ಮೇಲೊಂದು ಕಪ್ಪು ಬಣ್ಣ. ಕೆಂಪು ಕಾರು ತನ್ನ ನಾಲ್ಕು ಗಾಲಿಯ ಮೇಲೆ ನಿಂತಿತು.

*

ಹೋದ ವರ್ಷ, ಎಂಬತ್ತೈದರ ದೀಪಾವಳಿಗೆ, ಹುಬ್ಬಳ್ಳಿಯಲ್ಲಿ ಇಂಥ ಮಾದರಿಗಳ ಪ್ರದರ್ಶನವಿತ್ತು. ಪೆಟ್ಟಿಗೆ ಹೊರಲು ಗುಡದಪ್ಪ ಹೋದ, ತವರಿಗೆ ಬಂದಿದ್ದ ಸಣ್ಣವ್ವನೂ ಜೊತೆಗೆ ಹೋದಳು. ಬಹುಮಾನ ಕೊಡುವವರು ಕೆಂಪು ಕಾರನ್ನು ಬೋರಲು ಮಾಡಿ ಬಹಳ ಹೊತ್ತು ನೋಡಿದರು.

"ಈ ಚಾಸಿ ಯಾರು ಮಾಡಿದ್ದು?"

"ಇಂಗ್ಲೆಂಡದಿಂದ ತರಿಸೀನ್ರಿ," ಎಂದರು ಸಾಹುಕಾರರು.

ಗುಡದಪ್ಪ ಅವರ ಬೆನ್ನ ಹಿಂದೆ ಖಾಲಿ ಪೆಟ್ಟಿಗೆ ಹಿಡಿದು ನಿಂತಿದ್ದ. ಸಾಹುಕಾರರಿಗೆ ಬಹುಮಾನದ ಢಾಲು ಕೊಟ್ಟರು, ಫೋಟೋ ತೆಗೆದರು.

"ಬಾಯಾಗ ಏನ ಇಟ್ಕೊಂಡಿದ್ದಿ?" ಎಂದು ಬಸ್ಸಿನಲ್ಲಿ ಮಗಳು ಕೂಗಾಡಿದಳು.

"ಹುಚ್ಚಿ, ಅಷ್ಟ ದೊಡ್ಡ ಮಂದಿ ನೋಡಿ ವಿಲಾಯತಿ ಅಂತ ನಂಬಿದ್ರಲ್ಲ," ಎಂದು ಗುಡದಪ್ಪ ನಕ್ಕ. "ಇನ್ನೇನ ಬೇಕ?"

ಆ ನಗೆಯನ್ನೇ ಅವಳು ಸಹಿಸಲಿಲ್ಲ. ಅದೇ ಸಿಟ್ಟಿಗೆ ಯುಗಾದಿಗೆ ಬರಲಿಲ್ಲ, ಪಂಚಮಿಗೆ ಕರೆಯಲು ಬಂದ ಅಪ್ಪನನ್ನು ಬರಿಗೈಲಿ ಕಳಿಸಿದಳು. ಅಪ್ಪನನ್ನು ಜೀವಂತ ನೋಡಿದ್ದು ಅದೇ ಕಡೆಯ ಸಲ.

*

ಹೆಣವನ್ನು ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಎತ್ತುವ ಹೊತ್ತಿಗೆ ಸಾಹುಕಾರರ ಜೀಪು ಬಂತು. ಮಂದಿ ದಾರಿ ಬಿಟ್ಟರು. ಸಾಹುಕಾರರು ದೊಡ್ಡ ಮಾಲೆ ಹಾಕಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಅಗದಿ ನಂಬಿಗಸ್ತ ಮನುಷ್ಯಾ. ನನ್ನ ಕಾರು ಒರಸಿ ಒರಸಿ ಕನ್ನಡಿ ಮಾಡಿ ಇಡ್ತಿದ್ದ."

ಆಮೇಲೆ ಸಣ್ಣವ್ವನ ಹತ್ತಿರ ಬಂದು ದನಿ ಇಳಿಸಿದರು. "ಕೆಂಪು ಕಾರು ಅಚ್ಚು ಸಡ್ಲಾಗಿತ್ತಂತ ಕೊಟ್ಟಿದ್ದೆ. ಒಳಗ ಐತೇನವಾ? ನಾಳೆ ಧಾರವಾಡದಾಗ ಪ್ರದರ್ಶನ ಐತಿ."

"ಐತ್ರಿ," ಎಂದಳು ಸಣ್ಣವ್ವ. ಅವಳು ದನಿ ಇಳಿಸಲಿಲ್ಲ. "ಅದರ ಚಾಸಿ ಯಾರ ಮಾಡ್ಯಾರ್ರಿ, ಸಾಹುಕಾರ್ರ?"

"ಏನು?"

"ಚಾಸಿ. ಇಷ್ಟ ಮಂದಿ ಅದಾರು. ನಮ್ಮಪ್ಪನ ಮುಂದ ಹೇಳ್ರಿ."

"ಹೆಣ ಮುಂದಿಟ್ಕೊಂಡು ಇದೇನ ಜಗಳವಾ," ಎಂದು ಸಾವಿತ್ರೆವ್ವ ತೋಳು ಜಗ್ಗಿದಳು. ಸೈಕಲ್ ಅಂಗಡಿಯ ಬುಡನಸಾಬ ಮಾತ್ರ ಚಟ್ಟದ ಹಗ್ಗ ಬಿಟ್ಟು ಎದ್ದು ನಿಂತ. ನಲವತ್ತು ವರ್ಷ ಗುಡದಪ್ಪನ ಪಕ್ಕದಲ್ಲೇ ಅಂಗಡಿ ಇಟ್ಟವನು ಅವನು.

"ಹುಡುಗಿ ಕೇಳಾಕತ್ತಾಳಲ್ರಿ," ಎಂದ. "ಹೇಳಿಬಿಡ್ರಿ."

ಹೇಳಿಬಿಡಬಹುದಿತ್ತು. ಒಂದು ಹೆಸರು, ನಾಲ್ಕು ಅಕ್ಷರ. ಸಾಹುಕಾರರು ಮಂದಿಯನ್ನು ನೋಡಿದರು, ಚಪ್ಪಲಿ ನೋಡಿಕೊಂಡರು.

"ಅದು... ಕಂಪನಿ ಮಾಲವಾ."

ಸಣ್ಣವ್ವ ಒಳಗೆ ಹೋದಳು. ಕಾರನ್ನೂ ಸ್ಕ್ರೂ ಬಿಚ್ಚುವ ಸಣ್ಣ ಡಿಸ್ಮಿಸ್ಸನ್ನೂ ತಂದು ಅಪ್ಪನ ಕಾಲ ಹತ್ತಿರ ಕೂತಳು. ಕಾರನ್ನು ಬೋರಲು ಹಾಕಿ ನಾಲ್ಕು ಸ್ಕ್ರೂ ತೆಗೆದಳು. ಡಿಸ್ಮಿಸ್ಸು ಒಂದು ಸಲ ಜಾರಿ ಬೆರಳಿಗೆ ಚುಚ್ಚಿತು. ಭಜನೆಯವರು ತಾಳ ನಿಲ್ಲಿಸಿ ನೋಡುತ್ತಿದ್ದರು. ಮೇಲಿನ ಕೆಂಪು ಮೈ ಬೇರೆಯಾಯಿತು, ಗಾಲಿಗಳೆಲ್ಲ ಚಾಸಿಯ ಜೊತೆಗೇ ಉಳಿದವು.

ಕೆಂಪು ಮೈಯನ್ನು ಸಾಹುಕಾರರ ಕೈಗೆ ಕೊಟ್ಟಳು.

"ಇದು ಕಂಪನಿ ಮಾಲ್ರಿ, ನಿಮ್ದು. ಚಾಸಿ ಇಂಗ್ಲೆಂಡದಿಂದ ತರಿಸ್ಕೋರಿ."

ಉಳಿದದ್ದನ್ನು ಬುಡನಸಾಬನಿಗೆ ಚಾಚಿದಳು. "ಕಾಕಾ, ಇದೇನೈತಿ ನೋಡು."

ಬುಡನಸಾಬ ಉಗುರಿನಿಂದ ಕಪ್ಪು ಬಣ್ಣ ಕೆರೆದು ಮಂದಿಯ ಕಡೆ ತಿರುಗಿದ. "ಇದು ಕೊಡಿ ಕಡ್ಡಿ."

ಅದು ಕೈಯಿಂದ ಕೈಗೆ ಹೋಯಿತು. ಗುಡದಪ್ಪನ ಹತ್ತಿರ ಕೊಡೆ ರಿಪೇರಿ ಮಾಡಿಸದವರು ಅಲ್ಲಿ ಯಾರಿದ್ದರು? "ಹೌದಲೇ, ಕೊಡಿ ಕಡ್ಡಿನ," ಎನ್ನುತ್ತ ಒಬ್ಬೊಬ್ಬರೂ ತಿರುಗಿಸಿ ನೋಡಿದರು, ಗಾಲಿ ಉರುಳಿಸಿ ನೋಡಿದರು. ಕೊನೆಗೆ ಅದು ಮರಳಿ ಬಂದಾಗ ಸಣ್ಣವ್ವ ಅದನ್ನು ಎದೆಗೆ ಒತ್ತಿಕೊಂಡು, ಬಸ್ಸಿಳಿದ ಮೇಲೆ ಬಾರದ ಅಳುವನ್ನು ದೊಡ್ಡ ದನಿ ತೆಗೆದು ಅತ್ತಳು.

ಹೆಣ ಎತ್ತಿದರು. ತಾಳ ಮತ್ತೆ ಶುರುವಾಯಿತು. ಸಾಹುಕಾರರು ಕೆಂಪು ಮೈಯನ್ನು ಕಟ್ಟೆಯ ಮೇಲೆ ಇಡಲು ಹೋದರು. ಗಾಲಿಯಿಲ್ಲದ್ದು ಹೊಟ್ಟೆಯ ಮೇಲೆ ಕೂತು ಒಂದು ಕಡೆ ವಾಲಿತು. ಮತ್ತೆ ಎತ್ತಿಕೊಂಡು, ಬೊಗಸೆಯಲ್ಲಿ ಅಂಗಾತ ಹಿಡಿದು, ಗೋಡೆಗೆ ಸರಿದು ನಿಂತರು. ಮಂದಿ ಅವರನ್ನು ಸರಿಸಿಕೊಂಡೇ ಮುಂದೆ ಹೋದರು. ಚಟ್ಟದ ಮೇಲೆ ತೂರಿದ ಚುರಮರಿ ಗಾಳಿಗೆ ಇತ್ತ ಹಾರಿ, ಅವರ ಕೈಯಲ್ಲಿದ್ದ ಆ ಖಾಲಿ ಮೈಯೊಳಗೆ ನಾಲ್ಕು ಕಾಳು ಬಿದ್ದವು.