ಸಹಿಯ ಜಾಗ

ಎಡಗೈಯೊಳಗೆ ಅದೇ ಗುಂಯ್ ಸದ್ದು, ಚರ್ಮದಡಿ ಜೇನುಹುಳ ಸಿಕ್ಕಿಕೊಂಡ ಹಾಗೆ, ಎರಡು ಸೂಜಿಗಳ ನಡುವೆ ನನ್ನ ರಕ್ತ ಹೊರಗೆ ಹೋಗಿ ಡಯಾಲಿಸಿಸ್ ಯಂತ್ರ ಸುತ್ತಿ ಒಳಗೆ ಬರುತ್ತಿದೆ, ಇನ್ನೂ ಎರಡೂವರೆ ಗಂಟೆ, ಅಲ್ಲಿಯವರೆಗೆ ಬಲಗೈ ಮಾತ್ರ ನನ್ನದು, ಆ ಬಲಗೈಯಲ್ಲಿ ಈ ಕಾಗದ, ಕಾಗದದ ಕೆಳಮೂಲೆಯಲ್ಲಿ ಪೆನ್ಸಿಲ್ಲಿನ ಚಿಕ್ಕ ಇಂಟು ಗುರುತು. ಹೋದ ವಾರ ಸಿಸ್ಟರ್ ಚಂದನ ಹಾಸಿಗೆಗೊಂದರಂತೆ ಹಂಚಿದಾಗ ಇದು ಇರಲಿಲ್ಲ. ಇರಲಿಲ್ಲವೇ? ಇರಲಿಲ್ಲ, ಎರಡು ಸಲ ಓದಿದ್ದೇನೆ, ಮುಂಗಡ ವೈದ್ಯಕೀಯ ನಿರ್ದೇಶನ, ಮುಂದೆ ನನಗೆ ಪ್ರಜ್ಞೆ ಹೋಗಿ ಗುಣವಾಗುವ ಆಸೆ ಉಳಿಯದಿದ್ದರೆ ಉಸಿರಾಟದ ಯಂತ್ರ ಬೇಕೇ ಬೇಡವೇ ಎಂದು ಈಗಲೇ ಬರೆದಿಡುವುದು — ಓದಿ, ಮಡಿಸಿ, ಮದ್ದೂರಿನ ಮನೆಯಲ್ಲಿ ಫ್ರಿಜ್ಜಿನ ಮೇಲಿಟ್ಟೆ. ಇವತ್ತು ಇಬ್ಬರೂ ಮಂಡ್ಯದ ಬಸ್ಸಿಗೆ ಹೊರಡುವಾಗ ಇವರೇ, ಸುಧೀಂದ್ರ ಅವರೇ, ನನ್ನ ಚೀಲಕ್ಕೆ ಹಾಕಿದರು, ಸುಮ್ನೆ ನೋಡ್ತಿರು ಪ್ರಿಯಾ, ಅವಸರ ಏನಿಲ್ಲ. ಅವಸರ ಇಲ್ಲದವರು ಇದಕ್ಕೆ ಬೇಕಾದ ಗೆಜೆಟೆಡ್ ಅಧಿಕಾರಿಯ ಸಹಿಗೆ ಪರಿಚಯದ ಕೃಷ್ಣಪ್ರಸಾದರನ್ನು ಆಗಲೇ ಕೇಳಿಟ್ಟಿದ್ದಾರೆ, ಶನಿವಾರ ಸಿಗ್ತಾರಂತೆ, ಶನಿವಾರ ಎಂದರೆ ನಾಳಿದ್ದು. ಮಳವಳ್ಳಿ ಹೈಸ್ಕೂಲಿನಲ್ಲಿ ಮೇಷ್ಟರಾಗಿ, ಓದು ಬರದ ಅಪ್ಪ ಅಮ್ಮಂದಿರಿಂದ ಅಂಕಪಟ್ಟಿಗೆ ಸಹಿ ಹಾಕಿಸಿ ಹಾಕಿಸಿ ಬಂದ ಅಭ್ಯಾಸ ಇವರದು, ಎಲ್ಲಿ ಹಾಕಬೇಕೋ ಅಲ್ಲೊಂದು ಇಂಟು — ನಾನು ಎಂ.ಎ. ಮಾಡಿದವಳು, ಸಹಿಯ ಜಾಗ ನನಗೆ ಗೊತ್ತಾಗುವುದಿಲ್ಲವೇ.

ಏನಮ್ಮೋ, ಆಗ್ಲಿಂದ ಆ ಕಾಗ್ದನ ನುಂಗೋ ಅಂಗೆ ನೋಡ್ತಾ ಇದ್ದೀಯಲ್ಲ, ಎನ್ನುತ್ತಾಳೆ ಪಕ್ಕದ ಹಾಸಿಗೆಯ ಮಲ್ಲಿಗಮ್ಮ, ಪೂರಿಗಾಲಿಯವಳು, ನಂಗೂ ಕೊಟ್ಟವ್ರೆ, ಕಟಾವ್ ಆರ್ಡ್ರು ತಾನೆ ಅದು? ಪ್ಯಾಕ್ಟ್ರಿಯೋರು ಕಬ್ಬಿಗೆ ಕೊಡಾಕಿಲ್ವಾ, ಇಂತಾ ದಿನ ಕಡೀರಿ ಅಂತ. ಅಲ್ಲ ಮಲ್ಲಿಗಮ್ಮ, ಇದರಲ್ಲಿ ದಿನ ಇರುವುದಿಲ್ಲ, ನಮ್ಮ ಬಾಯಿ ನಿಂತ ಮೇಲೂ ನಮ್ಮ ಮಾತು ಉಳಿಯಲಿ ಅಂತ. ಓ, ಅಂಗಾರೆ ಒಪ್ಗೆ ಪತ್ರ ಅನ್ನು, ನಾಟಿ ಮಾಡ್ದಾಗ್ಲೇ ಬರ್ಸ್ಕೊಂಡು ಓಯ್ತಾರೆ, ಆಮ್ಯಾಕೆ ಯಾವಾಗ ಕಡಿಯೋದು ಅನ್ನೋದು ಅವ್ರಿಷ್ಟ. ಅವರಿಷ್ಟ — ನಗಬೇಕಿತ್ತು, ನಗು ಬರಲಿಲ್ಲ, ಅವಳ ದಿಂಬಿನಡಿಯ ಕಾಗದವನ್ನು ಕೇಳಿ ತೆಗೆದುಕೊಂಡೆ, ಕೆಳಮೂಲೆ ಖಾಲಿ, ಹಾಗಾದರೆ ಸಿಸ್ಟರ್ ಹಾಕಿದ್ದಲ್ಲ.

ಬೇಡ ಎಂದೇ ನಾನೂ ಬರೆಯುತ್ತಿದ್ದೆ, ಅದೇ ವಿಚಿತ್ರ, ಬೇಡ ಎನ್ನುವುದು ಅತ್ತೆ ಗೋದಮ್ಮನವರನ್ನು ನೋಡಿದಂದಿನಿಂದ ನನ್ನೊಳಗೇ ಇದೆ, ಹನ್ನೊಂದು ದಿನ ಬಾಯಲ್ಲಿ ಕೊಳವೆ, ಕಿತ್ತುಕೊಳ್ಳಬಾರದೆಂದು ಎರಡೂ ಕೈಗಳನ್ನು ಬ್ಯಾಂಡೇಜು ಬಟ್ಟೆಯಲ್ಲಿ ಮಂಚದ ಕಂಬಿಗೆ ಕಟ್ಟಿದ್ದರು, ಐದನೆಯ ದಿನ ಕಟ್ಟಿದ ಕೈಯ ಬೆರಳಿನಿಂದಲೇ ನನ್ನ ಅಂಗೈ ಮೇಲೆ ಬರೆದರು, ಒಂದು ಗೀಟು, ಅದರ ಮೇಲೆ ಅಡ್ಡ ಇನ್ನೊಂದು. ಅಮ್ಮ ಏನು ಬರೆದಳು ಎಂದು ಇವರು ಕೇಳಿದರು. ಏನಿಲ್ಲ ಎಂದೆ. ಆಮೇಲೆ ಇನ್ನೂ ಆರು ದಿನ ಆ ಕೊಳವೆಯಲ್ಲೇ ಇದ್ದು ಹೋದರು. ನಾನು ಮುಚ್ಚಿಟ್ಟದ್ದು ಇವರಿಗೆ ಗೊತ್ತಿದೆಯೇ, ಗೊತ್ತಿದ್ದೇ ಹಾಕಿದರೇ, ನನಗೆ ಬೇಕಾದದ್ದೇ ಇವರಿಗೂ ಬೇಕಾಗಿದ್ದರೆ ನನಗೇಕೆ ಹೀಗೆ ಮೈ ತಣ್ಣಗಾಗಬೇಕು.

ಅನುಮಾನ ಇದ್ರೆ ಗಂಡುನ್ನೇ ಕೇಳು, ಬಾಯೈತಲ್ಲ ಇನ್ನೂವೆ, ಎನ್ನುತ್ತಾಳೆ ಮಲ್ಲಿಗಮ್ಮ. ಇಡ್ಲಿ ಡಬ್ಬಿ ಹಿಡಿದು ಇವರು ಒಳಗೆ ಬರುತ್ತಾರೆ, ಕೇಳಿಯೇಬಿಟ್ಟೆ, ಈ ಗುರುತು ನೀವು ಹಾಕಿದ್ದಾ? ಹೂಂ, ಕನ್ನಡಕ ಮರೆತು ಹೋಗ್ತೀಯಲ್ಲ, ಅದಕ್ಕೆ. ಅಷ್ಟೇನಾ? ಅಷ್ಟೇ ಕಣೆ, ಅಮ್ಮನ ಥರ ನಿನಗಾಗಬಾರದು — ಮಾತು ನನ್ನ ಜೊತೆ, ಕಣ್ಣು ಯಂತ್ರದ ಮೇಲೆ. ಬೇಡ ಅಂದ್ರೆ ಅಳಿಸ್ತೀನಿ ಬಿಡು, ಜೇಬಿನಿಂದ ರಬ್ಬರು ತೆಗೆದು ಹಿಂದಕ್ಕೂ ಮುಂದಕ್ಕೂ ಉಜ್ಜಿದರು, ಪುಡಿ ಊದಿದರು, ತಗೋ, ಈಗ ನಿನ್ನಿಷ್ಟ. ಬಿಳೀ ಜಾಗ. ಪೆನ್ನು ಬಲಗೈಯಲ್ಲಿ. ಬರೆಯುವ ಮೊದಲು ಹೆಬ್ಬೆರಳಿನಿಂದ ಸವರಿದೆ, ಕಾಗದ ತಗ್ಗು ಬಿದ್ದಿದೆ, ಪೆನ್ಸಿಲ್ಲನ್ನು ಅಷ್ಟು ಒತ್ತಿ ಎಳೆದಿದ್ದಾರೆ, ಒಂದು ಗೀಟು, ಅದರ ಮೇಲೆ ಅಡ್ಡ ಇನ್ನೊಂದು —